ಅಜ್ಜಿಯ ಹಾಡು ಇನ್ನೂ ಯಾರ ಗಂಟಲಲ್ಲಿದೆ?

ಪ್ರಶ್ನೆ: ನಮ್ಮ ಅಮ್ಮನ ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು. ಪಿಟೀಲು ನುಡಿಸುತ್ತಿದ್ದರು, ಹಾಡುತ್ತಿದ್ದರು, ಕೆಲವು ಹಾಡುಗಳನ್ನು ತಾವೇ ಕಟ್ಟಿದ್ದರು. ವೇದಿಕೆ ಹತ್ತಿದವರಲ್ಲ. ಮದುವೆಯಾದ ಮೇಲೆ ಬಹಳ ವರ್ಷ ಪಿಟೀಲು ಮುಟ್ಟಲೇ ಇಲ್ಲವಂತೆ, ಮೊಮ್ಮಕ್ಕಳು ಹುಟ್ಟಿದ ಮೇಲೆ ಮತ್ತೆ ಕೈಗೆ ತಗೊಂಡರಂತೆ. ಈಗ ನನ್ನ ಹತ್ತಿರ ಇರೋದು ನಾಲ್ಕು ಕ್ಯಾಸೆಟ್, ಒಂದು ನೋಟ್‌ಬುಕ್, ಅವರ ಪಿಟೀಲು. ಮನೆಯವರಿಗಾಗಿ ಅವರ ಬಗ್ಗೆ ಬರೆದಿಡಬೇಕು ಅಂತ ಆಸೆ. ಬರೆಯಲು ಕೂತರೆ "ತುಂಬಾ ಚೆನ್ನಾಗಿ ಹಾಡುತ್ತಿದ್ದರು, ಎಲ್ಲರನ್ನೂ ಪ್ರೀತಿಸುತ್ತಿದ್ದರು" ಅನ್ನೋ ಎರಡು ಸಾಲು ದಾಟಲ್ಲ. ನನಗೆ ಸಂಗೀತ ಬರಲ್ಲ. ಕ್ಯಾಸೆಟ್ ಹಾಕಿ ಅವರ ದನಿ ಕೇಳೋಕೆ ಇನ್ನೂ ಧೈರ್ಯ ಬಂದಿಲ್ಲ. ಎಲ್ಲಿಂದ ಶುರು ಮಾಡಲಿ? ಇನ್ನೊಂದು, ಅವರು ಕಟ್ಟಿದ ಒಂದು ಹಾಡಿನ ಮೂರನೇ ಸಾಲು ಯಾರಿಗೂ ನೆನಪಿಲ್ಲ. ನಾವೇ ತುಂಬಿಸಬಹುದಾ?

ಉತ್ತರ: ಮೊದಲು ಒಂದು ಫೋನ್ ಮಾಡಿ. ಅಜ್ಜಿಯ ತಂಗಿ ಇದ್ದಾರಾ? ಇದ್ದರೆ ಆ ಚಿಕ್ಕಜ್ಜಿಗೆ. ಇಲ್ಲದಿದ್ದರೆ ಅಜ್ಜಿಯ ಜೊತೆ ಕಲಿತವರು, ಪಕ್ಕದ ಮನೆಯಲ್ಲಿ ಬೆಳೆದವರು, ನಿಮ್ಮ ಅಮ್ಮನ ಅಕ್ಕಂದಿರು, ಹೀಗೆ ವಯಸ್ಸಿನಲ್ಲಿ ದೊಡ್ಡವರಿಂದ ಶುರು ಮಾಡಿ ಕೆಳಗೆ ಬನ್ನಿ. ಮನೆಮನೆಯ ಹಳೆಯ ಟೇಪುಗಳನ್ನು ಉಳಿಸಿಕೊಡೋದು, ಹಿರಿಯರ ನೆನಪುಗಳನ್ನು ರೆಕಾರ್ಡ್ ಮಾಡೋದು ನನ್ನ ಕೆಲಸ, ಇಪ್ಪತ್ತು ವರ್ಷದ ಮೇಲಾಯಿತು. ಬರುವವರೆಲ್ಲ ಕ್ಯಾಸೆಟ್ ಹಿಡಿದುಕೊಂಡೇ ಬರುತ್ತಾರೆ, ಯಾಕೆಂದರೆ ಕೈಗೆ ಸಿಗುವುದು ಅದೇ. ಆದರೆ ಬಿಸಿಲು, ತೇವ ಇಲ್ಲದ ಕಪಾಟಿನಲ್ಲಿರುವ ಕ್ಯಾಸೆಟ್ ಇನ್ನೊಂದು ವರ್ಷ ಕಾಯುತ್ತದೆ. ಎಂಬತ್ತು ದಾಟಿದ ಚಿಕ್ಕಜ್ಜಿ ಕಾಯುತ್ತಾರೆ ಅಂತ ಹೇಳೋಕಾಗಲ್ಲ. ಲೆಕ್ಕ ಹಾಕಿ ನೋಡಿ: ನಾಲ್ಕೂ 90 ನಿಮಿಷದ ಕ್ಯಾಸೆಟ್ ಆಗಿದ್ದರೂ ಒಟ್ಟು ಆರು ಗಂಟೆ. ಅಜ್ಜಿ ಹಾಡಿದ್ದು ಇಡೀ ಜೀವಮಾನ. ಉಳಿದಿದ್ದೆಲ್ಲ ಬೇರೆಯವರ ಕಿವಿಯಲ್ಲಿ, ಗಂಟಲಲ್ಲಿ ಇದೆ.

ಗಂಟಲಲ್ಲಿದೆ ಅನ್ನೋದು ಸುಮ್ನೆ ಚಂದಕ್ಕೆ ಹೇಳಿದ ಮಾತಲ್ಲ. ಅಮ್ಮಂದಿರು ಕೂಸಿಗೆ ಹಾಡುವ ಹಾಡನ್ನು ಒಂದು ವಾರ ಬಿಟ್ಟು ಎರಡು ಸಲ ರೆಕಾರ್ಡ್ ಮಾಡಿ ಹೋಲಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಎರಡು ಸಲದ ನಡುವೆ ಶ್ರುತಿಯ, ಅಂದರೆ ದನಿಯ ಎತ್ತರದ ವ್ಯತ್ಯಾಸ ಒಂದು ಸ್ವರಸ್ಥಾನಕ್ಕಿಂತ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರ) ಕಡಿಮೆ. ವೇಗದ ವ್ಯತ್ಯಾಸವೂ ತೀರಾ ಸ್ವಲ್ಪ. ಯಾವ ವಾದ್ಯದ ಸಹಾಯವೂ ಇಲ್ಲ, ಯಾರೂ ಸರಿಯಾಗಿ ಹಾಡು ಅಂತ ಹೇಳಿರಲಿಲ್ಲ. ಹಾಗಾಗಿ ನಿಮ್ಮ ಅಜ್ಜಿಯೂ ನಿಮ್ಮ ಅಮ್ಮನಿಗೆ ಒಂದು ಹಾಡನ್ನು ನೂರಾರು ರಾತ್ರಿ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ, ಅದೇ ನಡೆಯಲ್ಲಿ ಹಾಡಿರಬಹುದು, ಅಲ್ವಾ? ಅಷ್ಟು ಸಲ ಕೇಳಿದ್ದು ಅಮ್ಮನೊಳಗೆ ಎಲ್ಲೋ ಕೂತಿರುತ್ತದೆ. ಅಮ್ಮ "ನನಗೆ ಹಾಡೋಕೆ ಬರಲ್ಲ" ಅಂತಾರೆ. ಬರಲಿ, ಬಿಡಲಿ, ಗುನುಗಿಸಿ. ದನಿ ನಡುಗಿದರೂ ಪರವಾಗಿಲ್ಲ.

ಕೇಳುವ ರೀತಿಯ ಬಗ್ಗೆ ಎರಡು ಮಾತು. "ಆ ಹಾಡಿನ ಸಾಹಿತ್ಯ ಹೇಳಿ" ಅಂತ ಕೇಳಬೇಡಿ. "ಹಾಡಿ" ಅನ್ನಿ. ಮಾತು ರಾಗಕ್ಕೆ ಅಂಟಿಕೊಂಡಿರುತ್ತದೆ, ರಾಗ ಎಳೆದರೆ ಮಾತು ಹಿಂದೆಯೇ ಬರುತ್ತದೆ. ನಡುವಿನಿಂದ ಶುರು ಮಾಡಿಸಬೇಡಿ, ತಡವರಿಸಿದರೆ ಮತ್ತೆ ಮೊದಲಿನಿಂದ ಹಾಡಿಸಿ. ಸಾಧ್ಯವಾದರೆ ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸಿ. "ಹಾಗಲ್ಲ ಕಣೇ, ಅಲ್ಲಿ ಅಕ್ಕ ಹೀಗೆ ಎಳೀತಿದ್ದಳು" ಅಂತ ಒಬ್ಬರು ಇನ್ನೊಬ್ಬರನ್ನು ತಿದ್ದೋಕೆ ಹೊರಟಾಗ ಸಿಗುವ ಸಂಗತಿ ನೀವು ನೂರು ಪ್ರಶ್ನೆ ಕೇಳಿದರೂ ಸಿಗಲ್ಲ. ಫೋನ್ ರೆಕಾರ್ಡರ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲಿಟ್ಟು, ಫ್ಯಾನ್ ಆರಿಸಿ. ಒಂದು ಗಂಟೆಗಿಂತ ಜಾಸ್ತಿ ಕೂರಿಸಬೇಡಿ, ಇನ್ನೊಂದು ದಿನ ಹೋಗಿ. ಎರಡನೇ ಸಲ ಹೋದಾಗಲೇ ಒಳ್ಳೆಯದು ಸಿಗುವುದು ಜಾಸ್ತಿ, ಯಾಕೆಂದರೆ ನಡುವಿನ ದಿನಗಳಲ್ಲಿ ಅವರೇ ನೆನಪಿಸಿಕೊಂಡಿರುತ್ತಾರೆ.

ವಯಸ್ಸಾದವರಿಗೆ ತಮ್ಮ ಹತ್ತರಿಂದ ಮೂವತ್ತು ವರ್ಷದ ನಡುವಿನ ದಿನಗಳು ಬೇರೆಲ್ಲ ವರ್ಷಗಳಿಗಿಂತ ಹೆಚ್ಚಾಗಿ ನೆನಪಿರುತ್ತವೆ. ಮನಃಶಾಸ್ತ್ರದಲ್ಲಿ ಮತ್ತೆ ಮತ್ತೆ ಕಂಡುಬಂದ ವಿಷಯ ಇದು. ಚಿಕ್ಕಜ್ಜಿಯನ್ನು ಆ ವಯಸ್ಸಿಗೆ ಕರೆದುಕೊಂಡು ಹೋಗಿ. ಪಿಟೀಲು ಮನೆಗೆ ಹೇಗೆ ಬಂತು? ಯಾರು ತಂದರು? ಅದಕ್ಕೂ ಮುಂಚೆ ಯಾರದ್ದಾಗಿತ್ತು? ಯಾರು ಕಲಿಸಿದರು, ಎಷ್ಟು ದಿನ, ಪಾಠ ಯಾಕೆ ನಿಂತಿತು? ದಿನದಲ್ಲಿ ಯಾವ ಹೊತ್ತಿಗೆ ಅಭ್ಯಾಸ ಮಾಡುತ್ತಿದ್ದರು, ಆಗ ಮನೆಯಲ್ಲಿ ಯಾರು ಗೊಣಗುತ್ತಿದ್ದರು? ಯಾವ ಹಾಡನ್ನು ಎಷ್ಟು ಕೇಳಿಕೊಂಡರೂ ಹಾಡುತ್ತಿರಲಿಲ್ಲ? ಬೇರೆಯವರು ತಪ್ಪು ಹಾಡಿದಾಗ ಮುಖ ಹೇಗಾಗುತ್ತಿತ್ತು? ಈ ಕೊನೆಯ ಪ್ರಶ್ನೆಗೆ ಬಹಳ ಸಲ ಎಲ್ಲರೂ ನಗುತ್ತಾರೆ, ಆಮೇಲೆ ಮಾತು ತಾನೇ ಹರಿಯುತ್ತದೆ.

ಒಂದೇ ಹಾಡನ್ನು ಅಮ್ಮ ಒಂದು ರೀತಿ, ದೊಡ್ಡಮ್ಮ ಇನ್ನೊಂದು ರೀತಿ ಹಾಡಬಹುದು. ಯಾವುದು ಸರಿ ಅಂತ ತೀರ್ಪು ಕೊಡೋಕೆ ಹೋಗಬೇಡಿ. ಹಂಗೇರಿಯ ಸಂಗೀತಗಾರ ಬೆಲಾ ಬಾರ್ತೋಕ್ 1904ರಲ್ಲಿ ಮಗು ನೋಡಿಕೊಳ್ಳುವ ಒಬ್ಬ ಹುಡುಗಿ ಹಾಡುತ್ತಿದ್ದುದನ್ನು ಕೇಳಿದರು. ಅಲ್ಲಿಂದ ಜನಪದ ಹಾಡುಗಳ ಹಿಂದೆ ಬಿದ್ದು, ಮೇಣದ ಸಿಲಿಂಡರ್ ಮೇಲೆ ದನಿ ಹಿಡಿಯುವ ಫೋನೋಗ್ರಾಫ್ ಹೊತ್ತುಕೊಂಡು ಹಳ್ಳಿ ಸುತ್ತಿದರು. ಒಂದೇ ಹಾಡಿನ ಬೇರೆ ಬೇರೆ ರೂಪಗಳನ್ನು ಅವರು ತಪ್ಪು ಅಂತ ಬಿಸಾಕಲಿಲ್ಲ, ಎಲ್ಲವನ್ನೂ ಬರೆದುಕೊಂಡರು. ನೀವೂ ಹಾಗೇ ಮಾಡಿ. ಪ್ರತಿ ರೆಕಾರ್ಡಿಂಗ್‌ನ ಶುರುವಿನಲ್ಲಿ ಯಾರು ಹಾಡುತ್ತಿದ್ದಾರೆ, ಇವತ್ತು ಯಾವ ತಾರೀಕು, ಅಜ್ಜಿಯಿಂದ ಯಾವಾಗ ಕಲಿತದ್ದು, ಇಷ್ಟನ್ನು ನಿಮ್ಮ ದನಿಯಲ್ಲೇ ಹೇಳಿಬಿಡಿ. ಫೈಲಿನ ಹೆಸರು ಬದಲಾದೀತು, ಒಳಗಿನ ಮಾತು ಅಲ್ಲೇ ಇರುತ್ತದೆ.

ಈಗ ಅಜ್ಜಿ ಪಿಟೀಲು ಮುಟ್ಟದ ವರ್ಷಗಳು. ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲಿನಲ್ಲಿ ಹೋಗಿಬಿಟ್ಟಿದೆ. ಬರಹದಲ್ಲಿ ಹಾಗಾಗಬಾರದು. ಎಲಿಜಬೆತ್ ಕಾಟನ್ ಅನ್ನೋರ ಬದುಕು ನನಗೆ ಇಲ್ಲಿ ತುಂಬಾ ನೆನಪಾಗುತ್ತದೆ. ಅಮೆರಿಕದ ಕಪ್ಪು ಜನಾಂಗದ ಹೆಣ್ಣುಮಗಳು, ಎಡಗೈ ಬಳಸುವವರು. ಹುಡುಗಿಯಾಗಿದ್ದಾಗ ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದು ತಮ್ಮಷ್ಟಕ್ಕೆ ಕಲಿತರು, ಹಾಡು ಕಟ್ಟಿದರು. ಮದುವೆ, ಮಗು, ಚರ್ಚು ಅಂತ ಗಿಟಾರ್ ಬಿಟ್ಟರು. ಹತ್ತಾರು ವರ್ಷ ಮುಟ್ಟಲಿಲ್ಲ. ಆಮೇಲೆ ಸೀಗರ್ ಅನ್ನೋ ಸಂಗೀತಗಾರರ ಮನೆಯಲ್ಲಿ ಕೆಲಸಕ್ಕಿದ್ದಾಗ ಗೋಡೆಯ ಮೇಲಿದ್ದ ಗಿಟಾರ್ ತೆಗೆದು ನುಡಿಸಿದರು. ಆ ಮನೆಯ ಮಗ ಮೈಕ್ ಸೀಗರ್, ಕಾಟನ್ ಅವರ ಮನೆಗೇ ಹೋಗಿ ಟೇಪಿನಲ್ಲಿ ಹಿಡಿದದ್ದು 1958ರಲ್ಲಿ ಆಲ್ಬಂ ಆಗಿ ಬಂತು. ಆಗ ಅವರಿಗೆ ಅರವತ್ತು ದಾಟಿತ್ತು. ತೊಂಬತ್ತು ದಾಟಿದ ಮೇಲೆ ಗ್ರಾಮಿ ಪ್ರಶಸ್ತಿಯೂ ಬಂತು. ನಿಮ್ಮ ಅಜ್ಜಿಗೆ ಇಂಥ ಪ್ರಶಸ್ತಿ ಬರಬೇಕಿತ್ತು ಅಂತ ಹೇಳೋಕೆ ಇದನ್ನು ತರಲಿಲ್ಲ. ಬಿಟ್ಟ ಕೈ ಅಷ್ಟು ವರ್ಷದ ಮೇಲೆ ಮತ್ತೆ ತಂತಿ ಹುಡುಕಿಕೊಂಡು ಹೋಯಿತಲ್ಲ, ಆ ದಿನ ನಿಮ್ಮ ಮನೆಯಲ್ಲೂ ಒಂದು ಇತ್ತು. ಆ ದಿನ ಯಾರು ನೋಡಿದ್ದಾರೆ? ಪೆಟ್ಟಿಗೆ ಎಲ್ಲಿತ್ತು? ತಂತಿ ಹೊಸದಾಗಿ ತರಬೇಕಾಯಿತಾ? ಮೊದಲು ಏನು ನುಡಿಸಿದರು? ಬಿಟ್ಟಿದ್ದು ಯಾಕೆ ಅನ್ನೋದನ್ನೂ ಕೇಳಿ. ಮನೆಯಲ್ಲಿ ಯಾರೋ ಬೇಡ ಅಂದಿರಬಹುದು, ಅಥವಾ ಹೊತ್ತೇ ಸಿಗದೆ ಹೋಗಿರಬಹುದು. ಯಾರೋ ಬೇಡ ಅಂದಿದ್ದು ನಿಜವಾಗಿದ್ದರೆ ಅದನ್ನು ಮುಚ್ಚಬೇಡಿ. ಬೈಗುಳವೂ ಬೇಡ, ನಡೆದದ್ದನ್ನು ನಡೆದ ಹಾಗೆ ಬರೆಯಿರಿ.

ಕ್ಯಾಸೆಟ್ ವಿಷಯ. ಇವತ್ತೇ ಮಾಡಬೇಕಾದ್ದು ಒಂದಿದೆ, ಅದಕ್ಕೆ ಏನನ್ನೂ ಕೇಳಬೇಕಾಗಿಲ್ಲ. ಕ್ಯಾಸೆಟ್‌ನಲ್ಲಿ ಟೇಪ್ ಕಾಣುವ ಅಂಚಿಗೆ ಎದುರಿನ ಅಂಚು ನೋಡಿ. ಎರಡು ಮೂಲೆಯಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಎರಡನ್ನೂ ಮುರಿದುಬಿಡಿ. ಆಮೇಲೆ ಯಾರಾದರೂ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಜ್ಜಿಯ ದನಿ ಅಳಿಸಿಹೋಗಲ್ಲ. ಮುರಿಯುವ ಮುಂಚೆ ಮೇಲಿನ ಬರಹದ ಫೋಟೋ ತೆಗೆದುಕೊಳ್ಳಿ, ಅಜ್ಜಿಯದೇ ಕೈಬರಹ ಇರಬಹುದು.

ಇನ್ನು ಧೈರ್ಯದ ಪ್ರಶ್ನೆ. ನೀವು ಕೇಳಲೇಬೇಕು ಅಂತ ಇಲ್ಲ. ಟೇಪನ್ನು ಡಿಜಿಟಲ್ ಮಾಡೋದು ಬೇರೆ, ಕೂತು ಕೇಳೋದು ಬೇರೆ. ಮೊದಲನೆಯದನ್ನು ಬೇರೆಯವರಿಂದ ಮಾಡಿಸಿ ಫೈಲ್‌ಗಳನ್ನು ಎತ್ತಿಡಿ. ಕೇಳೋದು ಒಂದು ವರ್ಷದ ಮೇಲಾದರೂ ಸರಿ. ನನ್ನ ಹತ್ತಿರ ಬಂದ ಒಬ್ಬರು ತಾಯಿಯ ದನಿಯನ್ನು ಏಳು ವರ್ಷ ತೆರೆಯಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಮೊದಲ ಸಲ ಕೇಳುವಾಗ ಜೊತೆಗೆ ಯಾರಾದರೂ ಇರಲಿ, ಹಾಡಿನಿಂದ ಶುರು ಮಾಡಿ. ಹಾಡು ಹೇಗೋ ತಡೆದುಕೊಳ್ಳಬಹುದು. ಹಾಡು ಮುಗಿಸಿ "ಸಾಕಾ?" ಅಂತ ಕೇಳುವ ಮಾತು ಇದೆಯಲ್ಲ, ಕಣ್ಣು ತುಂಬುವುದು ಅಲ್ಲಿ.

ಆ ಮಾತುಗಳನ್ನು ಮಾತ್ರ ಯಾರೂ ಕತ್ತರಿಸದ ಹಾಗೆ ನೋಡಿಕೊಳ್ಳಿ. ಇದನ್ನು ನಾನು ಕಳೆದುಕೊಂಡು ಕಲಿತದ್ದು. ಈ ಕೆಲಸಕ್ಕೆ ಬರುವ ಮುಂಚೆ ನನ್ನ ಅಜ್ಜಿಯ ಒಂದೇ ಒಂದು ಕ್ಯಾಸೆಟ್ಟನ್ನು ಒಂದು ಸ್ಟುಡಿಯೋಕ್ಕೆ ಕೊಟ್ಟಿದ್ದೆ. ತುಂಬಾ "ಕ್ಲೀನ್" ಮಾಡಿ ಸಿ.ಡಿ. ಕೊಟ್ಟರು. ಹಾಡಿನ ನಡುವಿನ ಮಾತು, ಕೆಮ್ಮು, ಯಾರೋ ಬಾಗಿಲು ತೆಗೆದ ಸದ್ದು, "ನಿಲ್ಲು, ಇನ್ನೊಂದು ಸಲ ಹೇಳ್ತೀನಿ" ಅಂತ ಅಜ್ಜಿ ಅಂದದ್ದು, ಎಲ್ಲ ಹೋಗಿತ್ತು. ಹಿನ್ನೆಲೆಯ ಸರಸರ ಸದ್ದು ತೆಗೆಯುವ ಭರದಲ್ಲಿ ಸಾಲಿನ ಕೊನೆಗೆ ಅಜ್ಜಿ ಎಳೆದುಕೊಳ್ಳುತ್ತಿದ್ದ ಉಸಿರೂ ಹೋಗಿತ್ತು. ಮೂಲ ಕ್ಯಾಸೆಟ್ ವಾಪಸ್ ಕೊಡಿ ಅಂದರೆ, ಟೇಪ್ ಸಿಕ್ಕಿಕೊಂಡು ಹರಿಯಿತು, ಎಸೆದೆವು ಅಂದರು. ಹರಿದ ಟೇಪನ್ನು ಅಂಟಿಸಬಹುದು ಅಂತ ಆಗ ನನಗೆ ಗೊತ್ತಿರಲಿಲ್ಲ. ನೀವು ಕೊಡುವಾಗ ಎರಡು ಷರತ್ತು ಹಾಕಿ: ಏನನ್ನೂ ತೆಗೆಯದೆ, ಎರಡೂ ಬದಿಯನ್ನು ಮೊದಲಿನಿಂದ ಕೊನೆವರೆಗೆ ಇರುವ ಹಾಗೇ ಕೊಡಿ, ಕ್ಯಾಸೆಟ್ ಯಾವ ಸ್ಥಿತಿಯಲ್ಲಿದ್ದರೂ ವಾಪಸ್ ಕೊಡಿ. ಕೇಳಲು ಹಿತವಾದ ಪ್ರತಿಯನ್ನು ಆಮೇಲೆ ಬೇರೆಯಾಗಿ ಮಾಡಿಕೊಳ್ಳಬಹುದು.

ಫೈಲ್ ವೇವ್ (WAV, ದನಿಯನ್ನು ಕುಗ್ಗಿಸದೆ ಇಡುವ) ರೂಪದಲ್ಲಿ, 24 ಬಿಟ್, 48 ಅಥವಾ 96 ಕಿಲೋಹರ್ಟ್ಸ್‌ನಲ್ಲಿ ಇರಲಿ. 96ರಲ್ಲಿ ಒಂದು ಗಂಟೆಗೆ ಸುಮಾರು 2 ಜಿಬಿ ಜಾಗ ಬೇಕು, ನಾಲ್ಕು ಕ್ಯಾಸೆಟ್‌ಗೆ ಅದೇನು ದೊಡ್ಡದಲ್ಲ. ಎಂಪಿ3 ಹಂಚಿಕೊಳ್ಳಲು ಸರಿ, ಮೂಲವಾಗಿ ಇಡಲು ಬೇಡ. ಮೂರು ಕಡೆ ಇಡಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ದನಿ ಕಂಬಳಿ ಹೊದ್ದ ಹಾಗೆ ಮಂಕಾಗಿ ಕೇಳಿದರೆ ಟೇಪ್ ಹಾಳಾಗಿದೆ ಅಂತ ಕೈಬಿಡಬೇಡಿ. ಟೇಪಿನ ಹಿಂದೆ ಅದನ್ನು ಒತ್ತಿಹಿಡಿಯುವ ಒಂದು ಪುಟ್ಟ ಮೆತ್ತೆ ಇರುತ್ತದೆ, ಹಳೆಯ ಕ್ಯಾಸೆಟ್‌ಗಳಲ್ಲಿ ಅಂಟು ಬಿಟ್ಟು ಬಿದ್ದುಹೋಗಿರುತ್ತದೆ. ಬೇರೆ ಕ್ಯಾಸೆಟ್‌ನ ಕವಚಕ್ಕೆ ಟೇಪನ್ನು ವರ್ಗಾಯಿಸಿದರೆ ಸರಿಹೋಗುತ್ತದೆ. ಇಲ್ಲವೇ ಪ್ಲೇಯರ್‌ನ ಹೆಡ್, ಅಂದರೆ ಟೇಪಿನಿಂದ ದನಿ ಓದುವ ಭಾಗ, ಸ್ವಲ್ಪ ಓರೆಯಾಗಿರಬಹುದು. ಕೆಲಸ ಬಲ್ಲವರು ಪ್ರತಿ ಕ್ಯಾಸೆಟ್‌ಗೂ ಒಂದು ಸ್ಕ್ರೂ ತಿರುಗಿಸಿ ಅದನ್ನು ಹೊಂದಿಸುತ್ತಾರೆ. "ಹೆಡ್ ಹೊಂದಿಸ್ತೀರಾ?" ಅಂತ ಕೇಳಿ ನೋಡಿ. ಹಾಗಂದರೆ ಏನು ಅಂತ ಕೇಳಿದರೆ ಬೇರೆಯವರ ಹತ್ತಿರ ಹೋಗಿ.

ಒಂದು ವಿಷಯವನ್ನು ಸಂಗೀತದವರೂ ಮರೆಯುತ್ತಾರೆ. ಕ್ಯಾಸೆಟ್ ಓಡಬೇಕಾದ್ದು ಸೆಕೆಂಡಿಗೆ 4.76 ಸೆಂ.ಮೀ. ಅಂದು ರೆಕಾರ್ಡ್ ಮಾಡುವಾಗ ಬ್ಯಾಟರಿ ಸೋತಿದ್ದರೆ ಟೇಪ್ ನಿಧಾನವಾಗಿ ಓಡಿರುತ್ತದೆ, ಇವತ್ತು ಸರಿಯಾದ ವೇಗದಲ್ಲಿ ಹಾಕಿದರೆ ಅಜ್ಜಿ ಅವಸರದಲ್ಲಿ, ಎಳೆಯ ದನಿಯಲ್ಲಿ ಹಾಡಿದ ಹಾಗೆ ಕೇಳುತ್ತದೆ. ವೇಗ ಸುಮಾರು ಶೇ. 6ರಷ್ಟು ಹೆಚ್ಚಾದರೆ ಸಾಕು, ಶ್ರುತಿ ಒಂದು ಸ್ವರಸ್ಥಾನ ಮೇಲೇರುತ್ತದೆ. ರೆಕಾರ್ಡರ್ ಕರೆಂಟಿಗೆ ಹಾಕಿದ್ದಾಗಿದ್ದರೆ ಹಿನ್ನೆಲೆಯಲ್ಲಿ ಸಣ್ಣದಾಗಿ ಗುಂಯ್ ಅನ್ನುವ ಸದ್ದು ಇರುತ್ತದೆ. ಅದು ಕರೆಂಟಿನ ಕಂಪನ, ಸೆಕೆಂಡಿಗೆ 50 ಸಲ (50 ಹರ್ಟ್ಸ್), ಕೆಲವು ದೇಶಗಳಲ್ಲಿ 60. ಕಂಪ್ಯೂಟರಿನಲ್ಲಿ ಅಳೆದಾಗ 52 ಬಂದರೆ ಟೇಪ್ ಶೇ. 4ರಷ್ಟು ಬೇಗ ಓಡುತ್ತಿದೆ ಅಂತ ಲೆಕ್ಕ. ಯಾರಿಗೂ ಬೇಡವಾದ ಆ ಗುಂಯ್ ಸದ್ದೇ ಅಜ್ಜಿಯ ನಿಜವಾದ ದನಿಯ ಎತ್ತರ ಹೇಳುತ್ತದೆ! ಅದನ್ನು ಮೊದಲೇ "ಕ್ಲೀನ್" ಮಾಡಿಬಿಟ್ಟರೆ ಅಳೆಯೋದು ಏನನ್ನು? ಸರಿಮಾಡಿದ ಮೇಲೆ ಅಮ್ಮನಿಗೆ ಕೇಳಿಸಿ. "ಹಾಂ, ಇದು ಅಮ್ಮ" ಅಂತ ಅವರು ಅಂದರೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ನೋಟ್‌ಬುಕ್ಕನ್ನು ಪುಟದಿಂದ ಪುಟಕ್ಕೆ, ಖಾಲಿ ಪುಟ ಸೇರಿಸಿ ಸ್ಕ್ಯಾನ್ ಮಾಡಿ. ಪೆನ್ಸಿಲ್ ಬರಹ ಮಾಸಿದ್ದರೆ ಪಕ್ಕದಿಂದ ಬೆಳಕು ಬಿಟ್ಟು ಫೋಟೋ ತೆಗೆಯಿರಿ, ಒತ್ತಿ ಬರೆದ ಗುರುತು ಎದ್ದು ಕಾಣುತ್ತದೆ. ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ. ಪುಟದ ನಡುವೆ ಚೀಟಿ, ಒಣ ಹೂವು, ರಸೀದಿ ಇದ್ದರೆ ಅದು ಯಾವ ಹಾಡಿನ ಪುಟದಲ್ಲಿತ್ತು ಅಂತ ಇದ್ದಲ್ಲೇ ಫೋಟೋ ತೆಗೆದ ಮೇಲೆ ಎತ್ತಿ. ಅಜ್ಜಿ ಹೊಡೆದುಹಾಕಿದ ಸಾಲುಗಳು ನಿಮಗೆ ಸಿಕ್ಕ ದೊಡ್ಡ ಸಂಪತ್ತು. ಒಂದು ಪದ ಬಿಟ್ಟು ಇನ್ನೊಂದನ್ನು ಆರಿಸಿಕೊಂಡದ್ದು ಕಾಣುತ್ತದಲ್ಲ, ಅಜ್ಜಿ ಯೋಚಿಸುತ್ತಿರುವುದು ಕಾಣುವ ಜಾಗ ಅದೊಂದೇ.

ಪಿಟೀಲನ್ನು ರಿಪೇರಿಗೆ ಕೊಡುವ ಮುಂಚೆ ಚೆನ್ನಾಗಿ ನೋಡಿ. ಬೆರಳು ಒತ್ತುವ ಕಪ್ಪು ಹಲಗೆಯ ಮೇಲೆ ತಂತಿಯ ಕೆಳಗೆ ಸಣ್ಣ ಗುಳಿ, ಗೆರೆಗಳಿರುತ್ತವೆ. ಎಲ್ಲಿ ಆಳವಾಗಿವೆಯೋ ಅಲ್ಲಿ ಅಜ್ಜಿಯ ಬೆರಳು ಜಾಸ್ತಿ ಇತ್ತು. ಗದ್ದ ತಾಗುವ ಕಡೆ, ಕೈ ತಾಗುವ ಕಡೆ ಮೆರುಗು ಸವೆದಿರುತ್ತದೆ. ಇವುಗಳ ಫೋಟೋ ತೆಗೆಯದೆ ಹಲಗೆ ಉಜ್ಜಲು, ಹೊಸ ಮೆರುಗು ಹಚ್ಚಲು ಬಿಡಬೇಡಿ. ಒಳಗೆ ಹೆಸರುವಾಸಿ ಪಿಟೀಲು ತಯಾರಕರ ಚೀಟಿ ಕಂಡರೆ ಹಿಗ್ಗಬೇಡಿ, ಕಾರ್ಖಾನೆಯಲ್ಲಿ ಮಾಡಿದ ಲೆಕ್ಕವಿಲ್ಲದಷ್ಟು ಪಿಟೀಲುಗಳಲ್ಲಿ ಅಂಥ ಚೀಟಿ ಅಂಟಿಸಿದ್ದಾರೆ. ಎತ್ತಿಡುವಾಗ ಕಮಾನಿನ ಕೂದಲು ಸಡಿಲ ಮಾಡಿ. ತಂತಿಗಳನ್ನು ಮಾತ್ರ ಪೂರ್ತಿ ಬಿಚ್ಚಬೇಡಿ. ಒಳಗೆ ಅಂಟಿಲ್ಲದೆ, ಒತ್ತಡದಲ್ಲೇ ನಿಂತಿರುವ ಒಂದು ಪುಟ್ಟ ಕಂಬ ಇದೆ, ಅದು ಬಿದ್ದುಹೋಗುತ್ತದೆ. ಮನೆಯಲ್ಲಿ ಯಾವ ಮಗುವಾದರೂ ಕಲಿಯುತ್ತೇನೆ ಅಂದರೆ ಕೊಟ್ಟುಬಿಡಿ. ಗಾಜಿನ ಪೆಟ್ಟಿಗೆಯಲ್ಲಿಡೋದು ನನಗೆ ಇಷ್ಟವಿಲ್ಲ.

ಇಷ್ಟಾದ ಮೇಲೆ ಬರೆಯಲು ಕೂತುಕೊಳ್ಳಿ. ಸಂಗೀತ ಬರಲ್ಲ ಅನ್ನೋದು ಅಡ್ಡಿಯೇ ಅಲ್ಲ. ನಿಮಗೆ ಗೊತ್ತಿಲ್ಲದ ರಾಗದ ಹೆಸರು, ತಾಳದ ಹೆಸರು ತಂದು ತುಂಬಬೇಡಿ. ನೀವು ನೋಡಿದ್ದು, ನೀವು ಕೇಳಿದ್ದು ಬೇರೆ ಯಾರ ಹತ್ತಿರವೂ ಇಲ್ಲ. "ಚೆನ್ನಾಗಿ ಹಾಡುತ್ತಿದ್ದರು" ಅನ್ನೋ ಸಾಲನ್ನು ಹೊಡೆದುಹಾಕಿ, ಅದು ನಿಮಗೆ ಹೇಗೆ ಗೊತ್ತಾಯಿತು ಅಂತ ನಿಮ್ಮನ್ನೇ ಕೇಳಿಕೊಳ್ಳಿ. ನನ್ನ ಅಜ್ಜಿಯ ಬಗ್ಗೆ ನಾನು ಬರೆದ ಮೊದಲ ಸಾಲು ಹೀಗಿತ್ತು: ಪಾತ್ರೆ ತೊಳೆಯುತ್ತಾ ಹಾಡುವಾಗ ಕಷ್ಟದ ಜಾಗ ಬಂದರೆ ಅಜ್ಜಿ ನಲ್ಲಿ ನಿಲ್ಲಿಸುತ್ತಿದ್ದರು, ಸೋಪಿನ ಕೈಯಲ್ಲೇ ನಿಂತು ಆ ಸಾಲನ್ನು ಮೂರು ಸಲ ಹಾಡಿ, ಸರಿ ಅನ್ನಿಸಿದ ಮೇಲೆ ಮತ್ತೆ ನಲ್ಲಿ ತಿರುಗಿಸುತ್ತಿದ್ದರು. ಇದನ್ನು ಬರೆದ ಮೇಲೆ ಹೊಗಳುವ ಅಗತ್ಯವೇ ಬರಲಿಲ್ಲ. ಇಂಥ ಹತ್ತು ಸಂಗತಿ ಸಿಕ್ಕರೆ ಸಾಕು. ಹುಟ್ಟಿದ ವರ್ಷದಿಂದ ಶುರು ಮಾಡಿ ಕ್ರಮವಾಗಿ ಹೋಗಬೇಕಾಗಿಲ್ಲ. ತಾರೀಕುಗಳನ್ನು ಕೊನೆಯ ಪುಟದಲ್ಲಿ ಒಟ್ಟಿಗೆ ಕೊಡಿ.

ಅಜ್ಜಿಯ ಸಿಟ್ಟು, ಹಟ, ಮೆಚ್ಚದೆ ಹೋದದ್ದು ಎಲ್ಲ ಇರಲಿ. ಯಾರೋ ಒಬ್ಬ ಮೊಮ್ಮಗನಿಗೆ ಮಾತ್ರ ಪಾಠ ಹೇಳಿಕೊಟ್ಟು ಇನ್ನೊಬ್ಬಳಿಗೆ ಹೇಳಿಕೊಡದೆ ಇದ್ದರೆ ಅದೂ ಬರಲಿ. ಆ ಇನ್ನೊಬ್ಬಳನ್ನು ಕೇಳಿ ಬರೆಯಿರಿ. ಅವಳು ಬಾಗಿಲ ಹಿಂದೆ ನಿಂತು ಕಲಿತಿರಬಹುದು.

ಕೊನೆಗೆ ಆ ಮೂರನೇ ಸಾಲು. ಹಾಡಿನೊಳಗೆ ತುಂಬಿಸಬೇಡಿ. ಇವತ್ತು ನೀವು ಬರೆದದ್ದು ಅಂತ ಎಲ್ಲರಿಗೂ ಗೊತ್ತಿರುತ್ತದೆ, ಇಪ್ಪತ್ತು ವರ್ಷ ಕಳೆದರೆ ಅದು ಅಜ್ಜಿಯದೇ ಸಾಲು ಅಂತ ಆಗಿಬಿಡುತ್ತದೆ. ಬರೆಯುವಾಗ ಆ ಜಾಗ ಖಾಲಿ ಬಿಡಿ. ಹಾಡುವಾಗ ಅಲ್ಲಿ ರಾಗ ಮಾತ್ರ ಗುನುಗಿ, ನಾಲ್ಕನೇ ಸಾಲಿಗೆ ಹೋಗಿ. ಮಕ್ಕಳು ಯಾರಾದರೂ ತಮ್ಮದೊಂದು ಸಾಲು ಕಟ್ಟಿದರೆ ಅದನ್ನು ಬೇರೆ ಹಾಳೆಯಲ್ಲಿ, ಅವರ ಹೆಸರು, ತಾರೀಕು ಹಾಕಿ ಇಡಿ. ಚಿಕ್ಕಜ್ಜಿಯ ಹತ್ತಿರ ಹೋದಾಗ ಸಾಲು ನೆನಪಿದೆಯಾ ಅಂತ ಕೇಳೋದು ಬೇಡ. ನಿಮಗೆ ಹಾಡೋಕೆ ಬರದಿದ್ದರೂ ಪರವಾಗಿಲ್ಲ, ಮೊದಲ ಎರಡು ಸಾಲನ್ನು ನೀವೇ ಹಾಡಿ, ನಿಲ್ಲಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ರೆಕಾರ್ಡರ್ ಆನ್ ಇರಲಿ.